ಹೊಸ ಇಂಜಿನ್ನಿಗೆ ಮೊದಲ ಗುಟುಕು

ಸೆಪ್ಟೆಂಬರ್ 6

ಊಟದ ಚಾಪೆಯ ಮೇಲೆ ಇನ್ನು ಇಂಜಿನ್ನಿನ ಸುದ್ದಿ ಎತ್ತಬಾರದಂತೆ. ಹೆಂಡತಿ ರಾಯಾಳ ಅಪ್ಪಣೆ. "ಬೈಯೋದಿದ್ರೆ ಬರೆದಿಟ್ಕೊಳ್ಳಿ. ಕಾಗದಕ್ಕೆ ಕಿವಿ ಇಲ್ಲ, ನನಗಿದೆ" ಅಂದಳು. ತಮ್ಮನನ್ನು ಬೈದರೆ ಅವಳಿಗೆ ಅನ್ನ ಇಳಿಯುವುದಿಲ್ಲ. ಬೈಯದಿದ್ದರೆ ನನಗೆ ಇಳಿಯುವುದಿಲ್ಲ. ಅದಕ್ಕೇ ಈ ಪುಸ್ತಕ.

ಪುಸ್ತಕ ಹಿಲ್ಫ್ ಪೇಟೆಯ ಇಂಜಿನ್ ಅಂಗಡಿಯವರು ಪುಕ್ಕಟೆ ಹಂಚಿದ್ದು. ಪುಟಪುಟದ ಮೂಲೆಯಲ್ಲೂ ಅವರ ಹೊಸ ಇಂಜೆಕ್ಷನ್ ಇಂಜಿನ್ನಿನ ಚಿತ್ರ, ಮದುಮಗನ ಹಾಗೆ ಬೆಳ್ಳಗೆ. ಈ ಪುಟದ್ದಕ್ಕೆ ಮಸಿ ಬಳಿದಿದ್ದೇನೆ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಈಜಿಪ್ಟಿನ ಮೇಷ್ಟ್ರು, ಹೊಡೆಯುತ್ತಿದ್ದರು. ಒಂದು ದಿನ ನಾನೂ ತಿರುಗಿಸಿ ಹೊಡೆದೆ, ಅಲ್ಲಿಗೆ ವಿದ್ಯೆ ಮುಗಿಯಿತು. ಕಲಿತ ಅಕ್ಷರ ಇಷ್ಟು ವರ್ಷ ಸುಮ್ಮನೆ ಬಿದ್ದಿತ್ತು. ಈಗ ಕೆಲಸಕ್ಕೆ ಬಂತು, ಭಾಮೈದನನ್ನು ಬೈಯಲು.

ಸಂಗತಿ ಇಷ್ಟೇ. ದೋಣಿ ನನ್ನದು ಮತ್ತು ರಾಯಾಳ ತಮ್ಮ ಸುವೈಲಿಂನದು. ಅರ್ಧ ಅರ್ಧ, ಇಪ್ಪತ್ತಾರು ವರ್ಷದಿಂದ. ಅವನು ಚುಕ್ಕಾಣಿ ಹಿಡಿಯುತ್ತಾನೆ, ನಾನು ಬಲೆ ಮತ್ತು ಇಂಜಿನ್ ನೋಡಿಕೊಳ್ಳುತ್ತೇನೆ. ಗಾಳಿಗಾಲ ಶುರುವಾಗುವ ಮುಂಚೆಯೇ ಹಳೆಯ ಇಂಜಿನ್ನಿನ ಪಿಸ್ಟನ್ ಕಚ್ಚಿಕೊಂಡು ಅದು ಸತ್ತಿತು. ಅಕ್ಟೋಬರ್ ಹದಿನಾರಕ್ಕೆ ಅಂಜಲ್ ಮೀನು ಹಿಡಿಯುವುದರ ಮೇಲಿನ ನಿಷೇಧ ತೆರವಾಗುತ್ತದೆ, ಅಷ್ಟರೊಳಗೆ ಹೊಸದು ಬೇಕು. ನಾನು ಕಾರ್ಬೊರೇಟರ್ ಇಂಜಿನ್ ಅನ್ನುತ್ತೇನೆ. ಅವನು ಇಂಜೆಕ್ಷನ್ ಇಂಜಿನ್ ಅನ್ನುತ್ತಾನೆ. ಇಂಜೆಕ್ಷನ್ ಬೇಕಾಗಿರುವುದು ದೋಣಿಗಲ್ಲ, ಅವನ ತಲೆಗೆ.

ಇಬ್ಬರು ಒಡೆಯರೂ ಒಪ್ಪದ ದೋಣಿ ನೀರಿಗೆ ಇಳಿಯುವಂತಿಲ್ಲ. ಇದು ನಮ್ಮ ದಡದ ಕಟ್ಟಳೆ. ಮರಳಲ್ಲಿ ಮಗುಚಿ ಬಿದ್ದಿದೆ ದೋಣಿ. ಅದರ ಕೆಳಗೆ ಊರಿನ ಬೆಕ್ಕೆಲ್ಲ ಮರಿ ಹಾಕಿವೆ.

ಸೆಪ್ಟೆಂಬರ್ 8

ಸುವೈಲಿಂ ಬಂದ. ದೋಣಿಯ ನೆರಳಲ್ಲಿ ಕೂತು ನನ್ನ ಖಹ್ವಾ ಕಾಫಿ ಕುಡಿದು, ನನ್ನ ಖರ್ಜೂರ ತಿಂದು, ನನಗೇ ಬುದ್ಧಿ ಹೇಳಿದ.

"ಭಾವ, ಒಂದ್ಸಲ ಕೇಳಿ. ಅರ್ಧ ಪೆಟ್ರೋಲ್ ಸಾಕು. ಎಣ್ಣೆ ಬೆರೆಸೋ ರಗಳೆ ಇಲ್ಲ. ಕೀಲಿ ತಿರುಗಿಸಿದ್ರೆ ಹೊರಡುತ್ತೆ, ಹಗ್ಗ ಜಗ್ಗಬೇಕಾಗಿಲ್ಲ."

"ಹಗ್ಗ ಜಗ್ಗೋಕೆ ಕೈ ಇಲ್ವಾ ನಿನಗೆ?"

"ನನಗಿದೆ" ಅಂದು ನನ್ನ ಬಲಭುಜ ನೋಡಿದ. ನೋಡಲಿ. ಭುಜಕ್ಕೆ ಏನೂ ಆಗಿಲ್ಲ. ಗಾಳಿಗಾಲದಲ್ಲಿ ಎಲ್ಲರಿಗೂ ಹಾಗೆ ಹಿಡಿದುಕೊಳ್ಳುತ್ತದೆ.

"ಹದಿನೈದು ಮೈಲಿ ಆಚೆ ನಿಂತುಹೋದ್ರೆ ಏನು ಮಾಡ್ತೀಯ? ಕಾರ್ಬೊರೇಟರ್ ಆದ್ರೆ ಬಿಚ್ತೀನಿ, ಬಾಯಿಂದ ಊದ್ತೀನಿ, ಹಾಕ್ತೀನಿ, ಹೊರಡ್ತೀವಿ. ನಿನ್ನದಕ್ಕೆ ಎಲ್ಲಿ ಊದಲಿ? ಕಂಪ್ಯೂಟರಿನ ಕಿವಿಗಾ?"

"ಅದು ನಿಲ್ಲಲ್ಲ ಭಾವ."

"ಶಮ್ಲಾನನದು ನಿಲ್ಲಲಿಲ್ವಾ? ಹೋದ ವರ್ಷ ತಂದ, ಮೊದಲ ದಿನವೇ ಕೆಮ್ಮಿ ಮಲಗ್ತು. ಅಂಗಡಿಗೆ ವಾಪಸ್ ಕೊಟ್ಟು ಬಂದ."

"ಶಮ್ಲಾನ್ ಏನು ಮಾಡಿದನೋ ಯಾರಿಗೆ ಗೊತ್ತು. ನಿಮ್ಮ ಕಾರ್ಬೊರೇಟರ್ ಹದಿನೈದು ದಿನಕ್ಕೊಂದು ಸಲ ನಿಲ್ಲುತ್ತೆ, ಅದನ್ನ ಯಾಕೆ ಹೇಳಲ್ಲ?"

"ನಿಂತ್ರೆ ನಾನು ಹೊರಡಿಸ್ತೀನಲ್ಲ!"

"ನಿಲ್ಲದೇ ಇದ್ರೆ ಹೊರಡಿಸೋ ಕೆಲಸವೇ ಇಲ್ವಲ್ಲ."

ಇದೊಂದು ಉತ್ತರವೇ? ಐವತ್ತೆರಡು ವಯಸ್ಸಿನ ಗಂಡಸು ಆಡುವ ಮಾತೇ? ಎದ್ದು ಬಂದುಬಿಟ್ಟೆ. ಖಹ್ವಾದ ಕೂಜಾ ಅಲ್ಲೇ ಬಿಟ್ಟಿದ್ದೆ. ಆಮೇಲೆ ಅವನೇ ತೊಳೆದು ಮನೆಗೆ ತಂದಿಟ್ಟು ಹೋಗಿದ್ದಾನೆ. ಅದೂ ನನ್ನನ್ನು ಹಂಗಿಸಲಿಕ್ಕೇ.

ಸೆಪ್ಟೆಂಬರ್ 12

ಗಾಳಿ. ಯಾರ ಮುಖವನ್ನೂ ನೋಡಲಿಲ್ಲ. ಒಳ್ಳೆಯ ದಿನ.

ಸೆಪ್ಟೆಂಬರ್ 15

ಪ್ರತಿ ವರ್ಷ ಈ ಹೊತ್ತಿಗೆ ನಮ್ಮ ಅಂಗಳದಲ್ಲಿ ಏಳೆಂಟು ಕಾರ್ಬೊರೇಟರ್ ಬಿಚ್ಚಿ ಹರಡಿರುತ್ತವೆ. ದಡದವರೆಲ್ಲ ತಂದು ಹಾಕಿ, "ಹುವೈಶಿಲ್, ಇದಕ್ಕೇನೋ ಕಫ ಕಟ್ಟಿದೆ ನೋಡು" ಅಂದು ಹೋಗುತ್ತಿದ್ದರು. ರಾಯಾ ಪೆಟ್ರೋಲ್ ವಾಸನೆ ಎಂದು ಗೊಣಗುತ್ತ ಅವರಿಗೆಲ್ಲ ಖಹ್ವಾ ಹಂಚುತ್ತಿದ್ದಳು. ಈ ವರ್ಷ ಒಂದೇ ಒಂದು ಬಂದಿದೆ. ಬಖೀತನದು. ಅದೂ ಅವನು ಜಿಪುಣ, ಅಂಗಡಿಗೆ ಹೋಗಲಾರ ಎಂದು. ಉಳಿದವರೆಲ್ಲ ಎಲ್ಲಿ ಸತ್ತರೋ. ಸದ್ಯ, ಅಂಗಳ ಚೊಕ್ಕಟವಾಗಿದೆ.

ಬಖೀತ್ ಸಮುದ್ರದ ಕಟ್ಟಳೆ ನೋಡುವ ಹಿರಿಯರಲ್ಲಿ ಮೊದಲನೆಯವನು. ಎಪ್ಪತ್ತೆಂಟು ವಯಸ್ಸು, ಬಾಯಲ್ಲಿ ನಾಲ್ಕು ಹಲ್ಲು, ನಾಲ್ಕೂ ಚೂಪು.

"ನಿಮ್ಮಿಬ್ಬರದು ಇನ್ನೂ ಒಂದು ಮಾತಿಗೆ ಬರಲಿಲ್ವಂತೆ?"

"ಕತ್ತೆ ಜೊತೆ ಏನು ಮಾತು?"

"ಅವನೂ ನನ್ನ ಹತ್ರ ಹಾಗೇ ಅಂದ. ಕತ್ತೆ ಯಾರು ಅನ್ನೋದರಲ್ಲಿ ಮಾತ್ರ ನಿಮ್ಮಿಬ್ಬರಿಗೂ ವ್ಯತ್ಯಾಸ."

ಆಮೇಲೆ ತೀರ್ಪು ಹೇಳಿದ. ಅಂಗಡಿಯವರು ಇಂಜೆಕ್ಷನ್ ಇಂಜಿನ್ನನ್ನು ಮೂರು ದಿನ ನೋಡಲು ಕೊಡುತ್ತಾರೆ. ಅದು ಸುವೈಲಿಂನ ಪಾಳಿ. ಆಮೇಲೆ ಬಖೀತನ ಹೆಚ್ಚುವರಿ ಕಾರ್ಬೊರೇಟರ್ ಇಂಜಿನ್ ಮೂರು ದಿನ, ಅದು ನನ್ನ ಪಾಳಿ. ಅಕ್ಟೋಬರ್ ನಾಲ್ಕಕ್ಕೆ ಚಾವಡಿ ಸೇರುವುದು. ಆಗಲೂ ಒಪ್ಪದಿದ್ದರೆ ದೋಣಿ ಒಬ್ಬನಿಗೆ, ಬಲೆ ಇನ್ನೊಬ್ಬನಿಗೆ, ಪಾಲುದಾರಿಕೆ ಅಲ್ಲಿಗೆ ಮುಗಿಯಿತು.

"ಮುಗೀಲಿ" ಅಂದೆ.

"ಬಲೆ ಎಸೆದು ಮರಳಲ್ಲಿ ಅಂಜಲ್ ಹಿಡೀತೀಯಾ?" ಅಂದ ಮುದುಕ. ಅವನ ಕಾರ್ಬೊರೇಟರನ್ನು ತೊಳೆದೇ ಕೊಟ್ಟೆ. ತೊಳೆಯದೆ ಕೊಡಬೇಕಿತ್ತು.

ಸೆಪ್ಟೆಂಬರ್ 21

ಅಂಗಡಿಯ ಮೆಕ್ಯಾನಿಕ್ ಹಾರೂನ್ ಇಂಜಿನ್ ತಂದು ಕೂರಿಸಿದ. ಬಾಂಗ್ಲಾದವನು, ಬಂದು ಹದಿನಾಲ್ಕು ವರ್ಷವಾಯಿತು, ಇನ್ನೂ ಸಮುದ್ರ ಕಂಡರೆ ವಾಂತಿ ಮಾಡುತ್ತಾನೆ. ಇಂಥವನ ಕೈಗೆ ನಮ್ಮ ಪ್ರಾಣ. ಅವನ ಹತ್ತಿರ ಒಂದು ಪೆಟ್ಟಿಗೆ, ಪೆಟ್ಟಿಗೆಗೆ ಒಂದು ವಯರು. ಅದನ್ನು ಚುಚ್ಚಿದರೆ ಇಂಜಿನ್ ತನ್ನ ಕಾಯಿಲೆ ತಾನೇ ಹೇಳುತ್ತದಂತೆ.

"ನನ್ನ ಹೆಂಡತಿನೂ ಹೇಳ್ತಾಳೆ, ಯಾರು ಕೇಳ್ತಾರೆ" ಅಂದೆ.

"ನೀವು ಕೇಳದಿದ್ರೂ ಇದು ಬರೆದಿಟ್ಕೊಳ್ಳುತ್ತೆ ಚಾಚಾ" ಅಂದ ಹಾರೂನ್. ನಕ್ಕವರು ಐದು ಜನ. ಐದೂ ಹೆಸರು ನೆನಪಿದೆ.

ಕಾರ್ಬೊರೇಟರ್ ಎಲ್ಲಿರಬೇಕೋ ಅಲ್ಲಿ ಮುಚ್ಚಳ. ಮುಚ್ಚಳದ ಮೇಲೆ ಬಿಚ್ಚಬಾರದು ಎಂದು ಬರೆದಿದೆ. ಬಿಚ್ಚಬಾರದ ಮೇಲೆ ಅದು ಇಂಜಿನ್ ಹೇಗಾಯಿತು?

ಸೆಪ್ಟೆಂಬರ್ 22

ಮೊದಲ ದಿನದ ಪರೀಕ್ಷೆ. ಏನಾದರೂ ತಪ್ಪು ಹಿಡಿಯಲೇಬೇಕೆಂದು ಹೋದೆ.

ಕೀಲಿ ತಿರುಗಿಸಿದ, ಹೊರಟಿತು. ಹೊರಟಿತೋ ಇಲ್ಲವೋ ಎಂದು ಹಿಂದಕ್ಕೆ ತಿರುಗಿ ನೋಡಬೇಕಾಯಿತು. ಸದ್ದಿಲ್ಲ. ಹೊಗೆಯಿಲ್ಲ. ಹೊಗೆಯಿಲ್ಲದೆ ಸಮುದ್ರದ ವಾಸನೆ ವಿಪರೀತ ಬರುತ್ತಿತ್ತು, ತಲೆ ನೋಯಿತು. ಉತ್ತರದ ಕಲ್ಲುದಿಬ್ಬದವರೆಗೆ ಹೋಗಿ ಬಂದೆವು. ಹಳೆಯದು ಕುಡಿಯುತ್ತಿದ್ದ ಪೆಟ್ರೋಲಿನಲ್ಲಿ ಅರ್ಧವೂ ಮುಗಿದಿರಲಿಲ್ಲ. ಟ್ಯಾಂಕಿನ ಮುಳ್ಳು ಸುಳ್ಳು ಹೇಳುತ್ತಿರಬೇಕು.

ಒಂದು ವಿಷಯ. ಸುವೈಲಿಂ ಚುಕ್ಕಾಣಿ ಹಿಡಿದಾಗ ಹಾಡಿಕೊಳ್ಳುತ್ತಾನೆ. ಇಪ್ಪತ್ತಾರು ವರ್ಷದಿಂದ ಹಾಡಿಕೊಳ್ಳುತ್ತಿದ್ದನಂತೆ! ಹಳೆಯ ಇಂಜಿನ್ನಿನ ಗದ್ದಲದಲ್ಲಿ ನನಗೆ ಗೊತ್ತೇ ಇರಲಿಲ್ಲ. ತುಟಿ ಅಲ್ಲಾಡುತ್ತಿದ್ದದ್ದು ಕಂಡು ಪ್ರಾರ್ಥನೆ ಮಾಡುತ್ತಾನೆ ಅಂದುಕೊಂಡು ಮರ್ಯಾದೆ ಕೊಟ್ಟಿದ್ದೆ. ಹಾಡುವುದೋ, ನಮ್ಮಜ್ಜಿಯ ಕಾಲದ ಹುಟ್ಟು ಹಾಕುವ ಹಾಡು, ಅದೂ ಅಪಸ್ವರ. ಎರಡನೇ ಸಾಲು ತಪ್ಪಾಗಿ ಹಾಡುತ್ತಾನೆ. ಸರಿ ಸಾಲು ಹೇಳಿಕೊಟ್ಟೆ. ಕೇಳಿಸಿಕೊಂಡು ಮತ್ತೆ ತಪ್ಪು ಹಾಡಿದ. ದಡ ಬರುವವರೆಗೂ ತಿದ್ದಿದ್ದೇ ಕೆಲಸ. ಇಡೀ ದಿನ ಹಾಳು.

ರಾಯಾ ಕೇಳಿದಳು, "ಏನ್ರೀ, ನಗ್ತಾ ಬಂದ್ರಿ?" ಬಿಸಿಲಿಗೆ ಮುಖ ಸೊಟ್ಟಗಾಗಿತ್ತು ಅಂದೆ.

ಸೆಪ್ಟೆಂಬರ್ 23

ಗೆದ್ದೆ! ಈ ಪುಟ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ.

ಬೆಳಗಿನ ನಮಾಜು ಮುಗಿಸಿ ಎಲ್ಲರಿಗಿಂತ ಮುಂಚೆ ದಡಕ್ಕೆ ಹೋಗಿದ್ದೆ. ಟ್ಯಾಂಕು ತುಂಬಿಸಿಟ್ಟಿದ್ದ ಸುವೈಲಿಂ. ಹಳೆಯ ಇಂಜಿನ್ನಿನ ಡಬ್ಬಿ ದೋಣಿಯ ಮೂಗಿನ ಕೆಳಗೆ ಹಾಗೇ ಬಿದ್ದಿತ್ತು. ತಳದಲ್ಲಿ ಎಣ್ಣೆ ಬೆರೆಸಿದ ಪೆಟ್ರೋಲ್ ಸ್ವಲ್ಪ ಉಳಿದಿತ್ತು. ಅದನ್ನು ಈ ಬೆಳ್ಳಗಿನವನ ಟ್ಯಾಂಕಿಗೆ ಸುರಿದೆ. ಮೊದಲ ಗುಟುಕು. ದೋಣಿಗೆ ಹೊಸ ಇಂಜಿನ್ ಬಂದರೆ, ಸತ್ತ ಇಂಜಿನ್ನಿನ ಕೊನೆಯ ಎಣ್ಣೆಯನ್ನು ಹಿರಿಯ ಒಡೆಯ ಅದಕ್ಕೆ ಕುಡಿಸಬೇಕು. ಹಳೆಯದಕ್ಕೆ ಗೊತ್ತಿದ್ದ ದಾರಿ ಹೊಸದಕ್ಕೂ ಗೊತ್ತಾಗುತ್ತದೆ. ನಮ್ಮಪ್ಪ ಮಾಡುತ್ತಿದ್ದ, ದಡದವರೆಲ್ಲ ಮಾಡುತ್ತಾರೆ. ಇದೇನು ನಮ್ಮ ಇಂಜಿನ್ನಲ್ಲ. ಡಬ್ಬಿ ಕಾಲಿಗೆ ಸಿಕ್ಕಿತು, ಕೈ ತಾನಾಗಿ ಹೋಯಿತು. ಬಿಸಿಲಲ್ಲಿ ಸುಮ್ಮನೆ ಆರಿಹೋಗುವ ಬದಲು.

ಅದಿರಲಿ. ಒಂಬತ್ತು ಮೈಲಿ ಹೋದೆವು. ಅಲ್ಲಿ ಬೆಳ್ಳಗಿನವನು ಒಂದು ಸಲ ಸೀನಿದ. ಎರಡು ಸಲ ಸೀನಿದ. ಕೆಂಪು ದೀಪ, ಕಿವಿ ಹರಿಯುವ ಕೂಗು, ನಿಂತ. ಸುವೈಲಿಂ ಕೀಲಿ ತಿರುಗಿಸಿದ, ಬೇಡಿಕೊಂಡ, ಬೈದ, ಮತ್ತೆ ಬೇಡಿಕೊಂಡ. ನಾನು ಮೂಗಿನ ಹಲಗೆಯ ಮೇಲೆ ಕಾಲು ಚಾಚಿ, "ಊದು. ಊದಯ್ಯಾ, ಎಲ್ಲಿ ಊದಬೇಕೋ ಊದು" ಅಂದೆ. ಎರಡು ಗಂಟೆ ತೇಲಿದೆವು. ಕೊನೆಗೆ ಎಳೆದು ತಂದದ್ದು ಯಾರ ದೋಣಿ? ಬಖೀತನ ದೋಣಿ! ಯಾವ ಇಂಜಿನ್? ಕಾರ್ಬೊರೇಟರ್! ತೊಳೆದವರು ಯಾರು? ನಾನು!

ದಡದಲ್ಲಿ ಮೂವತ್ತು ಜನ ನಿಂತಿದ್ದರು. "ಸುವೈಲಿಂ, ಇಂಜೆಕ್ಷನ್ ಕೊಡಿಸಿದ್ಯಲ್ಲ, ಜ್ವರ ಇಳೀತಾ?" ಎಂದು ಯಾರೋ ಕೂಗಿದರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಸೆಪ್ಟೆಂಬರ್ 24

ಹಾರೂನ್ ಬಂದು ಫಿಲ್ಟರ್ ಬಿಚ್ಚಿದ. ಬೆರಳು ಅದ್ದಿ ಮೂಸಿದ. ಪೆಟ್ಟಿಗೆಯ ವಯರು ಚುಚ್ಚಿದ, ನೋಡಿದ, ಮತ್ತೆ ಮೂಸಿದ.

"ಇದರಲ್ಲಿ ನೀರಿದೆ, ತುಕ್ಕಿದೆ. ಹಳೇ ಎಣ್ಣೆ ಅಂಟಿನ ಹಾಗೆ ಕೂತಿದೆ. ನಾಲ್ಕು ತಿಂಗಳು ಬಿಸಿಲಲ್ಲಿಟ್ಟ ಪೆಟ್ರೋಲು" ಅಂದ. "ಕಾರ್ಬೊರೇಟರ್ ಆದ್ರೆ ಕೆಮ್ಮಿಕೊಂಡು ನುಂಗಿಬಿಡ್ತಿತ್ತು. ಇದರ ಗಂಟಲು ಕೂದಲಿಗಿಂತ ಸಣ್ಣ. ಟ್ಯಾಂಕ್ ತುಂಬಿಸಿದ್ದು ಯಾರು?"

ಡಬ್ಬಿ. ನನ್ನ ಕಾಲಿನಿಂದ ಎರಡು ಮಾರು ದೂರದಲ್ಲಿ, ಖಾಲಿ ಡಬ್ಬಿ, ಮುಚ್ಚಳ ತೆಗೆದು ಬಿದ್ದಿತ್ತು.

"ನಾನೇ ತುಂಬಿಸಿದ್ದು" ಅಂದ ಸುವೈಲಿಂ.

ಬಖೀತ್ ಅಲ್ಲೇ ಇದ್ದ. ಪೆಟ್ರೋಲ್ ನೋಡದೆ ದೋಣಿ ಹೊರಡಿಸಿದವನು ಆ ಹಂಗಾಮು ಪೂರ್ತಿ ಚುಕ್ಕಾಣಿ ಮುಟ್ಟುವಂತಿಲ್ಲ. ಒಂದು ದೋಣಿ ಹಾಗೆ ತೇಲಿ ಹೋಗಿ ಮೂವರು ಸತ್ತ ಮೇಲೆ ಮಾಡಿದ ಕಟ್ಟಳೆ ಅದು. "ನಾಲ್ಕನೇ ತಾರೀಕು ಚಾವಡಿಯಲ್ಲಿ ಹೇಳ್ತೀವಿ. ಅಲ್ಲೀವರೆಗೆ ದೋಣಿ ಹತ್ತಬೇಡ" ಅಂದ.

ಸುವೈಲಿಂ ಆಗಲಿ ಎಂದು ತಲೆ ಅಲ್ಲಾಡಿಸಿದ. ನನಗೆ ಬಾಯಿ ತೆರೆಯಲು ಸಮಯವೇ ಸಿಗಲಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಹಾರೂನ್ ಮಾತ್ರ ನನ್ನ ಕೈ ನೋಡುತ್ತಿದ್ದ. ಅಂಗಡಿಯವನಿಗೆ ಇಷ್ಟು ಧಿಮಾಕು ಒಳ್ಳೆಯದಲ್ಲ.

ಸೆಪ್ಟೆಂಬರ್ 25

ತಪ್ಪು ಸುವೈಲಿಂನದೇ. ಚುಕ್ಕಾಣಿ ಹಿಡಿಯುವವನು ಹೊರಡುವ ಮುಂಚೆ ಟ್ಯಾಂಕು ಮೂಸಿ ನೋಡಬೇಕಲ್ಲವೇ? ಮೂಸಲಿಲ್ಲ. ಅಷ್ಟೇ.

ಸೆಪ್ಟೆಂಬರ್ 26

ಅಷ್ಟೇ.

ಸೆಪ್ಟೆಂಬರ್ 28

ರಾಯಾ ಖಹ್ವಾದ ಕೂಜಾ ತಂದು ಎದುರಿಗಿಟ್ಟು ಹೋಗುತ್ತಾಳೆ, ಬಗ್ಗಿಸಿ ಕೊಡುವುದಿಲ್ಲ. ಮೂರು ದಿನವಾಯಿತು. ಇಂಜಿನ್ನಿನ ಸುದ್ದಿ ಎತ್ತಬಾರದು ಎಂದು ಅವಳೇ ಹೇಳಿದ್ದು, ಆದ್ದರಿಂದ ಎತ್ತಲಿಲ್ಲ. ಇವತ್ತು ಅವಳೇ ಎತ್ತಿದಳು.

"ತಮ್ಮನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಹೇಳಿದ್ಲು, ಬಲೆ ಕಟ್ತಾ ಕೂತಿರ್ತಾನಂತೆ. ಕಟ್ಟಿದ್ದನ್ನೇ ಬಿಚ್ಚಿ ಕಟ್ತಾನಂತೆ."

"ಕೆಲಸ ಇಲ್ಲದವನು."

"ಹೌದು. ಯಾರು ಮಾಡಿದ್ದೋ ಪಾಪ."

ಅನ್ನಕ್ಕೆ ಒಣ ಶಾರ್ಕ್ ಹಾಕಿದ್ದಳು. ಉಪ್ಪು ಜಾಸ್ತಿ. ಎದ್ದುಬಂದೆ.

ಸೆಪ್ಟೆಂಬರ್ 30

ನನ್ನ ಪಾಳಿ. ಬಖೀತನ ಕಾರ್ಬೊರೇಟರ್ ಇಂಜಿನ್ ಕೂರಿಸಿಕೊಂಡು ಒಬ್ಬನೇ ಹೋದೆ. ಜೊತೆಗೆ ಬರಲು ಯಾರೂ ಇರಲಿಲ್ಲ. ಬೇಕೂ ಇರಲಿಲ್ಲ.

ಹಗ್ಗ ಏಳು ಸಲ ಜಗ್ಗಿದೆ. ಬಖೀತನ ಹಗ್ಗ ಗಿಡ್ಡ. ಜಿಪುಣ ಹಗ್ಗದಲ್ಲೂ ಉಳಿಸಿದ್ದಾನೆ. ಎಂಟನೆಯದಕ್ಕೆ ಎಡಗೈಯಲ್ಲಿ ಜಗ್ಗಿದೆ, ಹೊರಟಿತು. ಇಂಜಿನ್ನೆಂದರೆ ಇದು. ಎದೆಯೊಳಗೆ ಗುದ್ದುವ ಹಾಗೆ ಸದ್ದು, ನೀಲಿ ಹೊಗೆ. ಎರಡು ಮೈಲಿ ಹೋಗಿ ನಿಂತಿತು. ಬಿಚ್ಚಿದೆ, ಊದಿದೆ, ಹಾಕಿದೆ, ಹೊರಟೆ. ನನ್ನ ಮಾತು ನಿಜವಾಯಿತು. ಪೂರ್ತಿ ನಿಜವಾಯಿತು.

ನೋಡಲು ಯಾರೂ ಇರಲಿಲ್ಲ.

ಆಗಾಗ ಹಿಂದಕ್ಕೆ ತಿರುಗಿ ನೋಡುತ್ತಿದ್ದೆ. ಚುಕ್ಕಾಣಿ ನನ್ನ ಕೈಯಲ್ಲೇ ಇತ್ತು, ಹಿಂದೆ ಏನು ನೋಡುತ್ತಿದ್ದೆನೋ. ಉಳಿದ ಎರಡು ದಿನ ಹೋಗುವುದಿಲ್ಲ. ಇಂಜಿನ್ ಚೆನ್ನಾಗಿದೆ ಎಂದು ಒಂದೇ ದಿನದಲ್ಲಿ ಗೊತ್ತಾಯಿತು.

ಅಕ್ಟೋಬರ್ 2

ಸುವೈಲಿಂ ಎದುರಿಗೆ ಸಿಕ್ಕಿದ, ಮಸೀದಿಯ ಬಾಗಿಲಲ್ಲಿ. "ಭಾವ, ಭುಜ ಹೇಗಿದೆ?" ಅಂದ. ನಾನು ಇವನಿಗೆ ಏನು ಮಾಡಿದೆನೆಂದು ಗೊತ್ತಿದ್ದರೆ ಹೀಗೆ ಕೇಳುತ್ತಿದ್ದನೇ, ಪೆದ್ದ.

"ನಿನ್ನ ಕೆಲಸ ನೋಡ್ಕೋ" ಅಂದೆ.

"ಕೆಲಸ ಇಲ್ವಲ್ಲ ಭಾವ" ಅಂದು ನಕ್ಕ. ನಗುವ ಮಾತೇ ಅದು? ಅವನ ಚಪ್ಪಲಿ ಯಾರೋ ತುಳಿದು ದೂರ ತಳ್ಳಿದ್ದರು. ಸರಿಯಾಗಿ ಜೋಡಿಸಿಟ್ಟೆ, ಅವನು ನೋಡಲಿಲ್ಲ.

ಅಕ್ಟೋಬರ್ 4

ಚಾವಡಿಯಿಂದ ಈಗ ಬಂದೆ. ಆದದ್ದು ಆದ ಹಾಗೆ ಬರೆಯುತ್ತೇನೆ.

ಇಪ್ಪತ್ತು ಜನ ಇದ್ದರು. ಹಲ್ವಾ ಬಂತು, ಖಹ್ವಾ ಬಂತು. ಬಖೀತ್ ಗಂಟಲು ಸರಿಮಾಡಿಕೊಂಡು, "ಸುವೈಲಿಂ, ಟ್ಯಾಂಕ್ ನೀನೇ ತುಂಬಿಸಿದ್ದು ಅಂತ ಒಪ್ಪಿದ್ದೀಯ. ಬೇರೆ ಹೇಳೋದಿದೆಯಾ?" ಅಂದ.

"ಇಲ್ಲ" ಅಂದ ಸುವೈಲಿಂ.

ಅವನು ಆ ಪದ ಹೇಳಿದ ರೀತಿಯೇ ನನಗೆ ಹಿಡಿಸಲಿಲ್ಲ. ಪೆಟ್ಟು ತಿಂದು ಅಭ್ಯಾಸವಾದವನ ಹಾಗೆ. ಎದ್ದು ನಿಂತುಬಿಟ್ಟೆ.

"ಅವನ ತಲೆ! ಅವನು ತುಂಬಿಸಿದ್ದು ಒಳ್ಳೇ ಪೆಟ್ರೋಲು. ಅದರ ಮೇಲೆ ಹಳೇದು ಸುರಿದವನು ನಾನು. ಮೊದಲ ಗುಟುಕು. ಬರೀರಿ, ಏನು ಬರೀತೀರೋ!"

ಖಹ್ವಾ ಹಂಚುತ್ತಿದ್ದವನೂ ನಿಂತ. ಬಖೀತ್ ನನ್ನನ್ನೇ ನೋಡಿದ.

"ಹತ್ತು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ನಾಲಿಗೆ."

"ಅದು ಅಂಗಡಿಯವರ ಇಂಜಿನ್ನು. ನಿನ್ನದಲ್ಲ, ನಿನಗೆ ಬೇಕಾಗಿರಲಿಲ್ಲ. ಅದಕ್ಕೆ ಯಾಕಯ್ಯಾ ಮೊದಲ ಗುಟುಕು ಕೊಟ್ಟೆ? ನೇರ ಕೇಳ್ತೀನಿ ಹುವೈಶಿಲ್. ಕೆಡಿಸಬೇಕು ಅಂತಲೇ ಸುರಿದ್ಯಾ?"

ಯಾಕೆ ಕೊಟ್ಟೆ? ಕೈ ಹೋಯಿತು ಅಂದರೆ ಯಾರು ನಂಬುತ್ತಾರೆ? ನಾನೇ ಆ ಜಾಗದಲ್ಲಿ ಕೂತಿದ್ದರೆ ನಂಬುತ್ತಿರಲಿಲ್ಲ.

"ಬೇಕು ಅಂತ ಅಲ್ಲ" ಎಂದು ಒಂದು ದನಿ ಕೇಳಿತು. ಸುವೈಲಿಂ.

"ನಿನಗೇನು ಗೊತ್ತು?" ಅಂದ ಬಖೀತ್.

"ಗೊತ್ತು" ಅಂದ, ಕೂತ. ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಆಗ ಮೂಲೆಯಿಂದ ಶಮ್ಲಾನ್ ಕೆಮ್ಮಿದ. "ಒಂದು ಮಾತು. ಹೋದ ವರ್ಷ ನನ್ನ ಇಂಜೆಕ್ಷನ್ ಇಂಜಿನ್... ನಾನೂ ಕುಡಿಸಿದ್ದೆ. ಅರ್ಧ ಡಬ್ಬಿ."

"ಅರ್ಧ ಡಬ್ಬಿಯಾ! ಗುಟುಕು ಅಂದ್ರೆ ಅರ್ಧ ಡಬ್ಬಿಯಾ?" ಅಂದ ಬಖೀತ್.

"ದಾರಿ ಚೆನ್ನಾಗಿ ಗೊತ್ತಾಗಲಿ ಅಂತ."

ಅವನ ಪಕ್ಕದವನು ನೆಲ ನೋಡಿದ. ಅವನೂ ಕುಡಿಸಿದ್ದನಂತೆ. ಬಾಗಿಲ ಹತ್ತಿರ ಇನ್ನೊಬ್ಬ. ಎರಡು ವರ್ಷದಲ್ಲಿ ಈ ದಡದಲ್ಲಿ ಮೂರು ಇಂಜೆಕ್ಷನ್ ಇಂಜಿನ್ ಮೊದಲ ದಿನವೇ ಸತ್ತಿದ್ದವು. ಮೂರಕ್ಕೂ ನಾವು ಅಂಗಡಿಯವರನ್ನು ಬೈದು, ಜಪಾನಿನವರನ್ನು ಬೈದು, ಕಂಪ್ಯೂಟರನ್ನು ಬೈದು ವಾಪಸ್ ಕಳಿಸಿದ್ದೆವು. ಅತಿ ಜೋರಾಗಿ ಬೈದವನು ಯಾರೆಂದು ಬರೆಯಬೇಕಿಲ್ಲ.

"ಅಂದ್ರೆ" ಅಂದ ಬಖೀತ್, "ಮನೆಗೆ ಬಂದ ಮದುಮಗನಿಗೆ ನಾವೇ ಪ್ರೀತಿಯಿಂದ ವಿಷ ಕುಡಿಸಿ, ಹುಡುಗ ರೋಗಿಷ್ಠ ಅಂತ ವಾಪಸ್ ಕಳಿಸ್ತಿದ್ವಿ." ಯಾರೋ ಕಿಸಕ್ಕೆಂದರು. ಆಮೇಲೆ ಚಾವಡಿಗೆ ಚಾವಡಿಯೇ ನಕ್ಕಿತು. ನಾನು ನಗಲಿಲ್ಲ.

ತೀರ್ಪು: ಸುವೈಲಿಂನ ಚುಕ್ಕಾಣಿ ಸುವೈಲಿಂಗೆ. ನಾನು ಚುಕ್ಕಾಣಿ ಹಿಡಿಯುವವನಲ್ಲವಾದ್ದರಿಂದ ನನಗೆ ಬೇರೆ ಶಿಕ್ಷೆ. ಈ ಹಂಗಾಮು ಪೂರ್ತಿ ನಾನು ಇಂಜಿನ್ ಮುಟ್ಟುವಂತಿಲ್ಲ. ನಮ್ಮದನ್ನೂ, ಯಾರದನ್ನೂ. ಅಂಗಳದಲ್ಲೂ.

ಕಳ್ಳನ ಕೈ ಕತ್ತರಿಸಿದರೆ ಇನ್ನು ಹೇಗಿರುತ್ತದೆ.

"ಇನ್ನು ದೋಣಿ" ಅಂದ ಬಖೀತ್. "ಯಾವ ಇಂಜಿನ್ನು? ಒಪ್ತೀರೋ, ಪಾಲು ಮಾಡಲೋ?"

ಸುವೈಲಿಂ ಅಂದ, "ಭಾವ ಹೇಳಿದ್ದೇ ಆಗಲಿ. ಕಾರ್ಬೊರೇಟರ್."

ಅದು ಕೇಳಿ ನನಗೆ ಬಂದ ಸಿಟ್ಟು! ಎಲ್ಲರೆದುರು ನನಗೆ ಕರುಣೆ ತೋರಿಸುತ್ತಾನೆ. ಭಿಕ್ಷೆ ಹಾಕುತ್ತಾನೆ. "ಮುಚ್ಚೋ ಬಾಯಿ" ಅಂದೆ. "ಕಾರ್ಬೊರೇಟರ್ ತಂದು ಅದು ನಡುನೀರಲ್ಲಿ ನಿಂತರೆ ಊದೋದು ಯಾರು? ನೀನಾ? ನಿನಗೆ ಹಾಡೋಕೇ ಉಸಿರು ಸಾಲಲ್ಲ! ಇಂಜೆಕ್ಷನ್ನೇ ತಗೋ. ಮುಟ್ಟಬಾರದ ಮೇಲೆ ನನಗೆ ಯಾವುದಾದ್ರೇನು."

"ಒಪ್ಪಿದಿರಾ ಹಾಗಾದ್ರೆ?" ಅಂದ ಬಖೀತ್.

"ಒಪ್ಪಿಲ್ಲ. ಹೇಳ್ತಾ ಇದ್ದೀನಿ."

"ಒಪ್ಪಿದ್ದಾರೆ ಅಂತ ಬರ್ಕೋ" ಅಂದ ಮುದುಕ.

ಅಕ್ಟೋಬರ್ 9

ಹಾರೂನ್ ಇಂಜಿನ್ ಕೂರಿಸಿದ. ಹೊಸದಲ್ಲ, ಅದೇ ಬೆಳ್ಳಗಿನವನೇ, ರಿಪೇರಿಯಾದದ್ದು. ಸುವೈಲಿಂ ಅದೇ ಬೇಕೆಂದು ಹಟ ಹಿಡಿದನಂತೆ. ಕಾಯಿಲೆ ಬಿದ್ದು ಎದ್ದದ್ದನ್ನೇ ತರುವ ಬುದ್ಧಿ ಇನ್ಯಾರಿಗಿದೆ.

ನಾನು ಹತ್ತು ಹೆಜ್ಜೆ ದೂರದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ, ತೀರ್ಪಿನ ಪ್ರಕಾರ. ಹಾರೂನ್ ಎಡಗಡೆಯ ಬೋಲ್ಟು ಬಿಗಿ ಮಾಡಿದ್ದು ಸಾಲಲಿಲ್ಲ. ದೂರದಿಂದಲೇ ಹೇಳಿದೆ. ಅವನು ನೋಡಿ, "ಹೌದು ಚಾಚಾ, ಸಡಿಲ ಇದೆ" ಅಂದ. ಬಾಯಿಂದ ಮುಟ್ಟಬಾರದು ಎಂದು ಕಟ್ಟಳೆಯಲ್ಲಿ ಇಲ್ಲ. ಸಂಜೆಯವರೆಗೆ ಅವನ ಕೆಲಸದಲ್ಲಿ ಹನ್ನೊಂದು ತಪ್ಪು ಹಿಡಿದೆ. ಒಂಬತ್ತು ನಿಜವಾದ ತಪ್ಪು.

ರಾಯಾ ಖಹ್ವಾ ಬಗ್ಗಿಸಿ ಕೊಟ್ಟಳು. ಅರ್ಧವೇ ಲೋಟ. ಆಗಲಿ.

ಅಕ್ಟೋಬರ್ 16

ನಿಷೇಧ ತೆರವಾಯಿತು. ಬೆಳಗಿನ ನಮಾಜು ಮುಗಿಯುತ್ತಲೇ ದಡದಿಂದ ನಲವತ್ತು ದೋಣಿ ಹೊರಟವು. ಆ ನಲವತ್ತರ ಗದ್ದಲ ಹಿಂದೆ ಬೀಳುವವರೆಗೆ ಏನೂ ಕೇಳಿಸಲಿಲ್ಲ. ಆಮೇಲೆ ನಾವಿಬ್ಬರೇ. ನೀರು ದೋಣಿಯ ಹೊಟ್ಟೆಗೆ ತಟ್ಟುವುದು ಕೇಳುತ್ತಿತ್ತು.

ಸುವೈಲಿಂ ಹಾಡಲಿಲ್ಲ. ಚುಕ್ಕಾಣಿ ಹಿಡಿದುಕೊಂಡೇ ಅಂದ, "ಭಾವ, ಅವತ್ತು ನೀವು ಸುರಿದದ್ದು ನಾನು ನೋಡಿದ್ದೆ."

ನಾನು ಬಲೆ ಬಿಡಿಸುತ್ತಿದ್ದೆ. ಬಿಡಿಸುತ್ತಲೇ ಇದ್ದೆ.

"ಬಲೆ ರಾಶಿ ಹಿಂದೆ ಇದ್ದೆ. ನೀವು ಮುಚ್ಚಳ ತೆಗೆದ್ರಿ, ಬಿಸ್ಮಿಲ್ಲಾ ಅಂದ್ರಿ, ಸುರಿದ್ರಿ. ಕೊನೇ ಹನಿ ಬೀಳೋವರೆಗೆ ಡಬ್ಬಿ ಹಿಡಿದ್ರಿ. ಹಾಳಾಗುತ್ತೆ ಅಂತ ನನಗೆ ಗೊತ್ತಿತ್ತು. ಹಾರೂನ್ ಎರಡು ಸಲ ಹೇಳಿದ್ದ, ಹಳೇದು ಹಾಕಬೇಡ ಅಂತ."

"ಮತ್ತೆ ತಡೀಬೇಕಿತ್ತು, ಕತ್ತೆ!"

"ಹೇಗೆ ತಡೀಲಿ? ಮೊದಲ ಗುಟುಕು ಬೇರೆಯವರ ಇಂಜಿನ್ನಿಗೆ ಯಾರೂ ಕೊಡಲ್ಲ. ಭಾವ ಒಪ್ಪಿಬಿಟ್ರು, ಇದು ನಮ್ಮದು ಅಂದ್ಕೊಂಡ್ರು ಅಂತ ನನಗೆ ಕಣ್ಣಲ್ಲಿ ನೀರು ಬಂತು. ಇಂಜಿನ್ ಹೋದ್ರೆ ಹೋಗಲಿ, ರಿಪೇರಿ ಮಾಡಿಸೋಣ ಅಂತ ಬಾಯಿ ಮುಚ್ಕೊಂಡೆ. ಆಮೇಲೆ ನಿಮ್ಮ ಹೆಸರು ಹೇಳಿದ್ರೆ ನೀವು ಮತ್ತೆ ಈ ದೋಣಿ ಹತ್ತೋದಿಲ್ಲ ಅಂತ ಗೊತ್ತಿತ್ತು."

ಮೂರು ವಾರ. ಮೂರು ವಾರ ಇವನು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು, ದಡದವರ ನಗೆ ತಿಂದುಕೊಂಡು, ಕಟ್ಟಿದ ಬಲೆ ಬಿಚ್ಚಿ ಕಟ್ಟಿಕೊಂಡು ಕೂತಿದ್ದ. ಇಂಥ ಪೆದ್ದನ ಜೊತೆ ಇಪ್ಪತ್ತಾರು ವರ್ಷ ಹೇಗೆ ಕಳೆದೆನೋ.

ಏನಾದರೂ ಹೇಳುತ್ತೇನೆಂದು ಅವನು ಕಾಯುತ್ತಿದ್ದ. ನಾನು ಬಲೆ ನೋಡಿದೆ, ನೀರು ನೋಡಿದೆ. ಹಳೆಯ ಇಂಜಿನ್ ಆಗಿದ್ದರೆ ಕೇಳಿಸಲಿಲ್ಲ ಅಂದುಬಿಡಬಹುದಿತ್ತು. ಈ ದರಿದ್ರ ಇಂಜಿನ್ನಿನಲ್ಲಿ ಆ ಅನುಕೂಲವೂ ಇಲ್ಲ.

"ಕೇಳಿಸ್ತು" ಅಂದೆ.